ಮಿಥ್ಯಾಪವಾದ

ಚೌತಿಯ ರಾತ್ರಿ ಚಂದ್ರನನ್ನು ಕಂಡವನಿಗೆ ಮಿಥ್ಯಾಪವಾದವು ತಪ್ಪದೆಂಬ ಮಾತು ನಮ್ಮ ಉಡುಪಿಯ ಮನೆಮನೆಗಳಲ್ಲಿಯೂ ಬಳಕೆಯಲ್ಲಿದೆ. ಸ್ಯಮಂತಕಮಣಿಯನ್ನು ಅಪಹರಿಸಿದನೆಂಬ ಅಪವಾದವು ಸಾಕ್ಷಾತ್ ಶ್ರೀಕೃಷ್ಣನಿಗೇ ತಟ್ಟಿತಷ್ಟೆ. ಅವನು ಅದನ್ನು ಮುಚ್ಚಿಡಲು ಹೋಗಲಿಲ್ಲ. ಜಾಂಬವಂತನ ಗುಹೆಯನ್ನು ಹೊಕ್ಕು ಮಣಿಯನ್ನು ತಂದು, ಸಭೆಯಲ್ಲಿ ಸತ್ರಾಜಿತನಿಗೆ ಒಪ್ಪಿಸಿದನು. ಆ ಅಪವಾದದ ಕಥೆಯನ್ನು ನಾವು ವರ್ಷಕ್ಕೊಮ್ಮೆ ಇಂದಿಗೂ ಹೇಳುತ್ತೇವೆ. ಆದರೆ ಮಣಿಯು ದೊರೆತ ಸಂಗತಿಯನ್ನು ಬಿಟ್ಟು ಹೇಳುವವರು ಯಾರೂ ಇಲ್ಲ.

ಈಗಿನ ಅಪವಾದಗಳಿಗೆ ಈ ಭಾಗ್ಯವಿಲ್ಲ. ಕಾರ್ಕಳದ ಕಡೆಯ ಕಂಬಳವೊಂದರಲ್ಲಿ ತಳ್ಳಾಟವಾಗಿ, ಕಾಪುವಿನ ನನ್ನ ಹಳೆಯ ಶಿಷ್ಯನೊಬ್ಬನು ಹೊಡೆದನೆಂದು ದೂರು ದಾಖಲಾಯಿತು. ಕೆಲಕಾಲದ ಮೇಲೆ ದೂರುಗಾರರೇ ನ್ಯಾಯಾಲಯದಲ್ಲಿ ರಾಜಿಗೆ ಒಪ್ಪಲು, ಮೊಕದ್ದಮೆಯು ಮುಗಿಯಿತು. ಮಣಿಪಾಲದಲ್ಲಿ ಓದು ಪೂರೈಸಿದ ಹುಡುಗನು ಸರಕಾರಿ ಕೆಲಸವೊಂದಕ್ಕೆ ಆಯ್ಕೆಯಾದಾಗ, ತನ್ನ ಮೇಲೆ ಎಂದಾದರೂ ಕ್ರಿಮಿನಲ್ ಮೊಕದ್ದಮೆ ಇತ್ತೇ ಎಂದು ಕೇಳುವ ನಮೂನೆಯು ಕೈಸೇರಿತು.

“ಮಾಷ್ಟ್ರೇ, ಎಲ್ಲ ಮುಗಿದ ಮೇಲೆ ಇಲ್ಲವೆಂದು ಬರೆದರೆ ಸುಳ್ಳಾಗುವುದೇ? ಆ ದಾಖಲೆಯನ್ನೇ ಅಳಿಸಲಾಗದೇ?” ಎಂದು ಅವನು ಕೇಳಿದನು.

ಅಮೆರಿಕೆಯ ಅನೇಕ ಸಂಸ್ಥಾನಗಳಲ್ಲಿ ವಜಾ ಆದ ಮೊಕದ್ದಮೆಯ ದಾಖಲೆಯನ್ನು ನ್ಯಾಯಾಲಯದ ಆಜ್ಞೆಯಿಂದ ಮುಚ್ಚಿಸಬಹುದು. ನಮ್ಮಲ್ಲಿ ಪ್ರಾಯಕ್ಕೆ ಬಂದವರಿಗೆ ಅಂತಹ ಸಾಮಾನ್ಯ ಕಾನೂನಿಲ್ಲ. ಬಿಡಿಬಿಡಿಯಾದ ಆಶ್ರಯಗಳು ಮಾತ್ರ ಇವೆ. ಹದಿನೆಂಟು ತುಂಬದವರ ದಾಖಲೆಗಳನ್ನು ಕಾಲಾನಂತರ ನಾಶಪಡಿಸಲು 2015ರ ಬಾಲನ್ಯಾಯ ಕಾಯಿದೆಯು ಅವಕಾಶವಿತ್ತಿದೆ. ಹಿಂದೆ ಶಿಕ್ಷೆಯಾಗದವನು ಖುಲಾಸೆಯಾದರೆ, ಅವನಿಂದ ಪಡೆದ ಬೆರಳಚ್ಚು ಮೊದಲಾದುವನ್ನು, ನ್ಯಾಯಾಲಯವು ಬೇರೆ ಆಜ್ಞೆ ಮಾಡದ ಹೊರತು, ನಾಶಪಡಿಸಬೇಕೆಂದು 2022ರ ಕಾಯಿದೆಯು ವಿಧಿಸುತ್ತದೆ. ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವು 2017ರಲ್ಲಿ ಮಹಿಳೆಯೊಬ್ಬರ ಹೆಸರನ್ನು ಆದೇಶದ ಶೀರ್ಷಿಕೆಯಲ್ಲಿ ಮರೆಮಾಡಿಸಿತು. ಆದರೆ ಇವಾವುವೂ ಈ ಹುಡುಗನ ಮೊಕದ್ದಮೆಯನ್ನು ಇಲ್ಲವಾಗಿಸಲಾರವು.

ಕಾನೂನುಸಮ್ಮತವಾದ ರಾಜಿಗೆ ಖುಲಾಸೆಯ ಫಲವುಂಟು. ಹಳೆಯ 1973ರ ಸಂಹಿತೆಯಂತೆಯೇ 2024ರ ಜುಲೈ 1ರಿಂದ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯೂ ಇದನ್ನು ಹೇಳುತ್ತದೆ. ಆದರೆ ಖುಲಾಸೆಯಾಯಿತೆಂದರೆ ಮೊಕದ್ದಮೆಯೇ ಇರಲಿಲ್ಲವೆಂದು ಅರ್ಥವಲ್ಲ. ಅವತಾರ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಈ ವಿಷಯವನ್ನು ಸ್ಪಷ್ಟಪಡಿಸಿದೆ. ಕೇಳಿದ ಸಂಗತಿಯನ್ನು ಅಭ್ಯರ್ಥಿಯು ಸತ್ಯವಾಗಿ ಹೇಳಬೇಕು. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಕ್ಷುಲ್ಲಕ ಪ್ರಕರಣವನ್ನು ಮರೆಮಾಚಿದುದನ್ನು ಮೇಲಧಿಕಾರಿಗಳು ಕ್ಷಮಿಸಬಹುದು. ಹಾಗೆಯೇ ಸತ್ಯವನ್ನು ಹೇಳಿದವನನ್ನೂ ನೇಮಿಸಿಕೊಳ್ಳಲೇಬೇಕೆಂಬ ಬಂಧನವು ಅವರಿಗಿಲ್ಲ.

ಆದುದರಿಂದ ನಾನು ಅವನಿಗೆ, “ಹೌದೆಂದೇ ಬರೆ, ಆದರೆ ಅಷ್ಟಕ್ಕೇ ನಿಲ್ಲಿಸಬೇಡ. ಮೊಕದ್ದಮೆಯ ಸಂಖ್ಯೆ, ವರ್ಷ, ನ್ಯಾಯಾಲಯ, ಅಂತಿಮ ಆಜ್ಞೆ ಇವಿಷ್ಟನ್ನೂ ಬರೆದು, ಆಜ್ಞೆಯ ದೃಢೀಕೃತ ನಕಲನ್ನು ಲಗತ್ತಿಸು. ಪೊಲೀಸ್ ಠಾಣೆಯ ದಾಖಲೆಯಲ್ಲಿಯೂ ಆ ಆಜ್ಞೆಯು ಸೇರಿದೆಯೇ ವಿಚಾರಿಸಿಕೋ” ಎಂದೆನು. ಅವನು ಹಾಗೆಯೇ ಮಾಡಿದನು. ಮೇಲಿನಿಂದ ಉತ್ತರವು ಇನ್ನೂ ಬಂದಿಲ್ಲ. ಮನೆಯವರು ಅಂಚೆಯವನ ದಾರಿಯನ್ನು ಕಾಯುತ್ತಿದ್ದಾರೆ.

ಹುಡುಗನ ಕರ್ತವ್ಯವು ಇಲ್ಲಿಗೆ ಮುಗಿಯಿತು. ಉಳಿದುದು ಓದುವವರ ಕರ್ತವ್ಯ. ಪಾಪವನ್ನು ಮಾಡಿ ಪ್ರಾಯಶ್ಚಿತ್ತದಿಂದ ಶುದ್ಧನಾದವನನ್ನು ಸಹ ಎಂದೂ ಹಳಿಯಬಾರದೆಂದು ಮನುಸ್ಮೃತಿಯು ವಿಧಿಸಿದೆ. ಹೀಗಿರಲು, ಅಪರಾಧವೇ ಸಿದ್ಧವಾಗದವನ ವಿಷಯದಲ್ಲಿ ಕೈಮುತಿಕನ್ಯಾಯದಿಂದ ಹೇಳಬೇಕಾದುದೇನು? ಕೆಲಸ ಕೊಡುವವರಾಗಲಿ, ಹೆಣ್ಣು ಕೊಡುವವರಾಗಲಿ, ಆಪಾದನೆಯ ಪುಟವನ್ನು ಓದಿದವರು ತೀರ್ಪಿನ ಪುಟವನ್ನೂ ಓದಿಯೇ ಕಾಗದವನ್ನು ಮಡಚತಕ್ಕದ್ದು.