ಹೊರೆಯಾಳುಗಳ ಹೆಸರುಳಿಸಿದ ಮಾರುಕಟ್ಟೆ

ತಾಂಜಾನಿಯಾದ ದಾರ್ ಎಸ್ ಸಲಾಮ್ ನಗರಕ್ಕೆ ಹೋದವರು ಕರಿಯಾಕೋ ಮಾರುಕಟ್ಟೆಯನ್ನು ನೋಡದೆ ಮರಳಬಾರದು. ಬೀದಿಯುದ್ದಕ್ಕೂ ಮರಗೆಣಸು, ಲವಂಗ, ಒಣಮೀನು, ಬಣ್ಣಬಣ್ಣದ ಕಾಂಗಾ ವಸ್ತ್ರಗಳ ರಾಶಿ. ಕೈಗಾಡಿಯವರ ಕೂಗಿಗೆ ದಾರಿ ಬಿಡುತ್ತಲೇ ಮುಂದೆ ಸಾಗಬೇಕು. ಸ್ವಾಹಿಲಿ ಅರಿಯದ ನಮ್ಮ ಕಿವಿಗೂ ಅಲ್ಲಿ ಪರಿಚಿತ ಪದಗಳು ಬೀಳುತ್ತವೆ: ಗಾಡಿಗೆ ‘ಗಾರಿ’, ಲಕ್ಷಕ್ಕೆ ‘ಲಾಕಿ’, ಚಹಾಕ್ಕೆ ‘ಚಾಯ್’. ಹಿಂದೂ ಮಹಾಸಾಗರದ ವ್ಯಾಪಾರವು ಸರಕಿನೊಡನೆ ಮಾತನ್ನೂ ದಾಟಿಸಿತು.

ಈ ಸ್ಥಳನಾಮದ ಕಥೆ ಮಾತ್ರ ಕರುಣಾಜನಕವಾದುದು. ಮೊದಲನೆಯ ಮಹಾಯುದ್ಧದಲ್ಲಿ, 1916ರಲ್ಲಿ, ಬ್ರಿಟಿಷರು ನಗರವನ್ನು ಜರ್ಮನರಿಂದ ವಶಪಡಿಸಿಕೊಂಡು, ಸೇನೆಯ ಸಾಮಾನು ಹೊರುವ ಆಫ್ರಿಕನ್ನರನ್ನು ಇಲ್ಲಿ ಇರಿಸಿದರು. ಆ ದಳದ ಹೆಸರು ‘ಕ್ಯಾರಿಯರ್ ಕೋರ್’. ಜನರ ನಾಲಿಗೆಯಲ್ಲಿ ಅದು ‘ಕರಿಯಾಕೋ’ ಆಯಿತು. ಪೂರ್ವ ಆಫ್ರಿಕದ ಆ ಸಮರದಲ್ಲಿ ಹಸಿವು, ರೋಗಗಳಿಂದ ಹತ್ತಾರು ಸಾವಿರ ಹೊರೆಯಾಳುಗಳು ಮಡಿದರು. 1927ರಲ್ಲಿ ನಗರದ ನಡುವೆ ನಿಲ್ಲಿಸಿದ ಕಂಚಿನ ಪ್ರತಿಮೆ ಬಂದೂಕು ಹಿಡಿದ ಸೈನಿಕನದು. ಹೊರೆಯಾಳುಗಳ ನೆನಪು ಉಳಿದಿರುವುದು ಬಸ್ಸಿನ ನಿರ್ವಾಹಕರು ನಿತ್ಯವೂ ಕೂಗಿ ಕರೆಯುವ ಈ ಹೆಸರಿನಲ್ಲಿ.

ಊರ ಹೆಸರೆಂದರೆ ಫಲಕದ ಮೇಲಿನ ಅಕ್ಷರವಷ್ಟೇ ಅಲ್ಲವೆಂಬುದನ್ನು ಗಡಿನಾಡಿನವರಾದ ನಾವು ಚೆನ್ನಾಗಿ ಬಲ್ಲೆವು. ನಮ್ಮ ಮಕ್ಕಳು ತಮ್ಮೂರಿನ ಹೊಲ, ಕೆರೆ, ಕಟ್ಟೆಗಳ ಹೆಸರುಗಳನ್ನೂ ಅವುಗಳ ಹಿಂದಿನ ಕಥೆಯನ್ನೂ ಹಿರಿಯರಿಂದ ಕೇಳಿ ಬರೆದಿಡಲಿ.