‘ಸಾರಿ ಅಣ್ಣ’ ಅಂದಿದ್ದು ಅವನು

2023ರ ಫೆಬ್ರವರಿಯಲ್ಲಿ ಬಾಕಿ ಟ್ರಾಫಿಕ್ ದಂಡಕ್ಕೆ ಶೇ 50ರಷ್ಟು ರಿಯಾಯಿತಿ ಕೊಟ್ಟರಲ್ಲ, ಆಗ ನಾನೂ ಕಟ್ಟಿದ್ದೆ. ಮೂರು ಸಲ ಸಿಗ್ನಲ್ ಜಂಪ್ ಮಾಡಿದ್ದಕ್ಕೆ. ‘ಅರ್ಧ ದುಡ್ಡು ಉಳೀತು’ ಅಂತ ಆಫೀಸಲ್ಲಿ ಹೇಳಿಕೊಂಡು ನಕ್ಕಿದ್ದೆ.

ಅದೇ ವರ್ಷದ ಮಳೆಗಾಲ. ಬೆಳಗ್ಗೆ ಆರೂವರೆಗೆ ಶಿಫ್ಟ್‌ಗೆ ಹೊರಟಿದ್ದೆ. ಜಯನಗರದ ಒಂದು ಸರ್ಕಲ್‌ನಲ್ಲಿ ಕೆಂಪು ದೀಪ. ರಸ್ತೆ ಖಾಲಿ ಇದೆ ಅನ್ನಿಸಿತು, ಬೈಕ್ ನಿಲ್ಲಿಸಲಿಲ್ಲ. ಎಡಗಡೆಯಿಂದ ಪೇಪರ್ ಹಾಕೋ ಹುಡುಗ ಸೈಕಲ್‌ನಲ್ಲಿ ಬಂದ. ಅವನಿಗೆ ಹಸಿರು ಇತ್ತು. ನನ್ನನ್ನು ತಪ್ಪಿಸಲು ಗಕ್ಕನೆ ಬ್ರೇಕ್ ಹಿಡಿದು ಬಿದ್ದ. ಪೇಪರ್‌ಗಳೆಲ್ಲ ನೀರಲ್ಲಿ. ಮೊಣಕೈ ತರಚಿ ರಕ್ತ ಬರುತ್ತಿತ್ತು.

ನಾನು ಓಡಿಹೋದೆ. ಅಷ್ಟರಲ್ಲಿ ಅವನೇ ಎದ್ದು, ‘ಸಾರಿ ಅಣ್ಣ’ ಅಂದ.

ತಪ್ಪು ನನ್ನದು, ಸಾರಿ ಅವನದು! ಒದ್ದೆಯಾದ ಪೇಪರ್‌ಗಳ ದುಡ್ಡು ಕೊಟ್ಟೆ. ಆದರೆ ಆ ಮಾತಿಗೆ ಯಾವ ರಿಯಾಯಿತಿಯೂ ಇಲ್ಲ.

ಆಮೇಲೆ ಲೆಕ್ಕ ಹಾಕಿದೆ. ಗಂಟೆಗೆ 40 ಕಿ.ಮೀ. ವೇಗ ಅಂದರೆ ಒಂದು ಸೆಕೆಂಡಿಗೆ 11 ಮೀಟರ್. ಸೈಕಲ್ ಸದ್ದು ಮಾಡಲ್ಲ, ನಡೆಯುವವರಿಗೆ ಹೆಡ್‌ಲೈಟ್ ಇರಲ್ಲ. ನಾವು ‘ಖಾಲಿ’ ಅನ್ನುವ ರಸ್ತೆಯಲ್ಲಿ ಅವರು ಇರುತ್ತಾರೆ, ನಮಗೆ ಕಾಣಿಸಿರುವುದಿಲ್ಲ ಅಷ್ಟೆ.

ಈಗ ಹಳದಿ ಬಂದರೇ ನಿಧಾನ ಮಾಡುತ್ತೇನೆ. ಹಿಂದಿನವರು ಹಾರ್ನ್ ಹೊಡೀತಾರೆ, ಬೈತಾರೆ. ಬೈಯಲಿ ಬಿಡಿ. ಆ ಹುಡುಗ ಬೈದಿದ್ದರೆ ಬಹುಶಃ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.