ಗೆರೆ ಹತ್ತುವ ದಡ

16 ಜುಲೈ 2023, ಭಾನುವಾರ. ವಾಸ್ಕೊ

ದಾಂಡೇಲಿ ಬಸ್ಸು ರಾಮನಗರ ದಾಟುವಷ್ಟರಲ್ಲೇ ಮಳೆ ಹಿಡಿದುಕೊಂಡಿತು. ಅನಮೋಡ ಘಟ್ಟ ಪೂರ್ತಿ ಮಂಜು. ಮುಂದಿನ ಸೀಟಿನ ಹುಡುಗರು ಝರಿ ಕಾಣುತ್ತದೇನೋ ಎಂದು ಗಾಜು ಒರೆಸುತ್ತಿದ್ದರು. ನಾನು ಹುಡುಕುತ್ತಿದ್ದದ್ದು ಅಂಬೇವಾಡಿಯಿಂದ ಗೋವಾಕ್ಕೆ ಇಳಿಯುವ 220 ಕೆ.ವಿ. ಲೈನಿನ ಟವರುಗಳನ್ನು. ಒಂದೂ ಕಾಣಲಿಲ್ಲ. ಕಾಳಿ ಕಣಿವೆಯಲ್ಲಿ ಮೂವತ್ತೊಂದು ವರ್ಷ ಕರೆಂಟು ಹುಟ್ಟಿಸಿ ಹೊರಗೆ ಕಳಿಸಿದವನ ಚಟ ಇದು. ಹೆಂಡತಿ ಜತೆಗಿದ್ದಿದ್ದರೆ ಮೊಣಕೈಯಲ್ಲಿ ತಿವಿಯುತ್ತಿದ್ದಳು.

ಜೂನ್ ಪೂರ್ತಿ ಕೈಕೊಟ್ಟ ಮಳೆ ಈಗ ಸುರಿಯುತ್ತಿದೆ. ಸುಪಾ ಅಣೆಕಟ್ಟು ತುಂಬಲಿ.

17 ಜುಲೈ, ಸೋಮವಾರ

ಭೀಮನ ಅಮಾವಾಸ್ಯೆ. ಮಗಳು ದೀಪದ ಕಂಬಗಳನ್ನಿಟ್ಟು ಪೂಜೆ ಮಾಡುವಾಗಲೇ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು. "ಅಪ್ಪಾ, ನಿಮ್ಮ ಭೀಮೇಶ್ವರನಿಗೆ ಎಣ್ಣೆ ದೀಪವೇ ಬೇಕಂತೆ" ಎಂದು ನಕ್ಕಳು.

ಸಾಗರದಿಂದ ತಂಗಿಯ ಫೋನು. ಗೃಹಜ್ಯೋತಿಗೆ ಅರ್ಜಿ ಹಾಕಿದ್ದಾಳೆ. "ಇನ್ನೂರು ಯೂನಿಟ್ ತನಕ ಪುಕ್ಕಟೆ ಅಂತೆ ಅಣ್ಣಾ, ನಮಗೆ ತಿಂಗಳಿಗೆ ಅರವತ್ತೂ ಆಗ್ತಿಲ್ಲ." ಅಷ್ಟೂ ಕೊಡುವುದಿಲ್ಲ, ಹಿಂದಿನ ವರ್ಷದ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಲೆಕ್ಕ ಹಾಕುತ್ತಾರೆ ಎಂದು ಬಿಡಿಸಿ ಹೇಳಿದೆ. ಅವಳಿಗೆ ಅದು ಬೇಡವಾಗಿತ್ತು. ಶರಾವತಿ ಹಿನ್ನೀರಿಗೆ ಮನೆ ಬಿಟ್ಟು ಬಂದ ಮೇಲೆ ನಾವಿಬ್ಬರೂ ಓದಿದ್ದು ಚಿಮಣಿ ಬುಡ್ಡಿಯಲ್ಲಿ. "ಆಗ ಕೊಡಬೇಕಿತ್ತು" ಎಂದು ಇಟ್ಟುಬಿಟ್ಟಳು.

19 ಜುಲೈ, ಬುಧವಾರ

ಪಣಜಿಗೆ ಹೋಗಿಬಂದೆವು. ದಾರಿಯುದ್ದಕ್ಕೂ ಪೊಲೀಸರು, ಜಿ-20 ಫಲಕಗಳು. ಇಂಧನ ಪರಿವರ್ತನೆಯ ಸಭೆ ಇವತ್ತಿನಿಂದ, 22ಕ್ಕೆ ಮಂತ್ರಿಗಳದ್ದು. ಅಳಿಯನಿಗೆ ಇಂಥದರಲ್ಲಿ ಆಸಕ್ತಿ. ಊಟಕ್ಕೆ ಕೂತಾಗ 'ಒಂದು ಸೂರ್ಯ, ಒಂದು ಜಗತ್ತು, ಒಂದು ಜಾಲ' ಎಂಬುದನ್ನು ನನಗೆ ವಿವರಿಸಲು ಹೊರಟ. 2018ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಸೌರ ಒಕ್ಕೂಟದ ಸಭೆಯಲ್ಲಿ ಮೋದಿಯವರು ಎತ್ತಿದ ಮಾತು, 2021ರಲ್ಲಿ ಗ್ಲಾಸ್ಗೊದಲ್ಲಿ ಬ್ರಿಟನ್ ಜತೆ ಸೇರಿಸಿ ಘೋಷಿಸಿದ್ದು. ಸೂರ್ಯ ಎಲ್ಲೋ ಒಂದು ಕಡೆ ಇದ್ದೇ ಇರುತ್ತಾನೆ, ತಂತಿ ಎಳೆದರೆ ಆಯಿತು.

ನಗಬೇಕೆನಿಸಿತು, ಆದರೆ ಲೆಕ್ಕ ಹಾಕಿದರೆ ನಗು ನಿಂತುಹೋಗುತ್ತದೆ. ಗೋವಾದಲ್ಲಿ ಈಗ ಸೂರ್ಯ ಮುಳುಗುವುದು ಏಳರ ಸುಮಾರಿಗೆ. ನಮ್ಮ ಲೋಡು ಏರುವುದೂ ಆಗಲೇ: ದೀಪ, ಟಿವಿ, ಮಿಕ್ಸಿ, ಎಲ್ಲರ ಎಸಿ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕು ಆ ಹೊತ್ತಿಗೆ ಬರೀ ಗಾಜು. ಅದೇ ಗಳಿಗೆಯಲ್ಲಿ ಮಸ್ಕತ್‌ನಲ್ಲಿ ಐದೂವರೆ, ರಿಯಾದ್‌ನಲ್ಲಿ ನಾಲ್ಕೂವರೆ. ಅಲ್ಲಿ ಇನ್ನೂ ಬಿಸಿಲು. ಅವರ ಮಧ್ಯಾಹ್ನವನ್ನು ನಮ್ಮ ಸಂಜೆಗೆ ತರುವ ಲೆಕ್ಕದಲ್ಲಿ ತಪ್ಪಿಲ್ಲ.

ಆದರೆ ತರಬೇಕಾದದ್ದು ಸಮುದ್ರದಡಿಯ ಕೇಬಲ್ಲಿನಲ್ಲಿ. ಅಲ್ಲಿ ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟು ದೂರ ಹೋಗದು. ನೆಲದ ಮೇಲೆ ತಂತಿಗೂ ನೆಲಕ್ಕೂ ನಡುವೆ ಗಾಳಿ ಇರುತ್ತದೆ. ಕೇಬಲ್ಲಿನಲ್ಲಿ ತಾಮ್ರಕ್ಕೂ ಹೊರಕವಚಕ್ಕೂ ನಡುವೆ ಬೆರಳಗಲದ ನಿರೋಧಕ ಅಷ್ಟೆ. ಇಡೀ ಕೇಬಲ್ಲೇ ಒಂದು ಉದ್ದನೆಯ ಕೆಪ್ಯಾಸಿಟರ್. ಸೆಕೆಂಡಿಗೆ ಐವತ್ತು ಸಲ ಅದನ್ನು ತುಂಬುವುದು ಖಾಲಿ ಮಾಡುವುದರಲ್ಲೇ ಕರೆಂಟು ಮುಗಿಯುತ್ತದೆ. ಅದಕ್ಕೇ ಒಂದೇ ದಿಕ್ಕಿಗೆ ಹರಿಯುವ ಡಿಸಿ. 1954ರಲ್ಲೇ ಸ್ವೀಡನ್ನಿನವರು ಗಾಟ್‌ಲ್ಯಾಂಡ್ ದ್ವೀಪಕ್ಕೆ ಹೀಗೆ 20 ಮೆಗಾವ್ಯಾಟ್ ಕಳಿಸಿದರು. ಈಗ ನಾರ್ವೆ–ಬ್ರಿಟನ್ ನಡುವೆ 720 ಕಿ.ಮೀ., 1,400 ಮೆಗಾವ್ಯಾಟ್. ನಮಗೂ ಡಿಸಿ ಹೊಸತಲ್ಲ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 2003ರಿಂದ ಬರುತ್ತಿದೆ. ಆದರೆ ಅದು ನೆಲದ ಮೇಲೆ.

ಅರಬ್ಬಿ ಸಮುದ್ರದ ತೊಡಕು ಉದ್ದದ್ದಲ್ಲ, ಆಳದ್ದು. ಇಟಲಿಯವರು ಸಾರ್ಡಿನಿಯಾದಿಂದ ಎಳೆದ ಕೇಬಲ್ 1,640 ಮೀಟರ್ ಆಳಕ್ಕೆ ಇಳಿದದ್ದನ್ನೇ ದೊಡ್ಡ ಸಾಹಸ ಎನ್ನುತ್ತಾರೆ. ಒಮಾನಿಗೂ ನಮಗೂ ನಡುವೆ ತಳ ಮೂರು ಸಾವಿರ ಮೀಟರಿಗೂ ಕೆಳಗಿದೆ. ಹಡಗಿನಿಂದ ಇಳಿಬಿಟ್ಟ ಕೇಬಲ್ ತನ್ನ ಭಾರವನ್ನು ತಾನೇ ಹೊರಬೇಕು.

ಅಳಿಯ ಯಾವಾಗಲೋ ಎದ್ದು ಕೈತೊಳೆದಿದ್ದ.

20 ಜುಲೈ, ಗುರುವಾರ

ಮಳೆ ಬಿಟ್ಟಾಗ ಬೈನಾ ದಂಡೆಯ ಕಡೆ ನಡೆದೆ. ಜುಲೈ ಕೊನೆಯ ತನಕ ಮೀನುಗಾರಿಕೆ ಬಂದ್. ಬಲೆ ಹೆಣೆಯುತ್ತಿದ್ದ ಒಬ್ಬರ ಹತ್ತಿರ ಕೂತೆ. ನನ್ನ ಕೊಂಕಣಿ ದಾಂಡೇಲಿ ಪೇಟೆಯದು, ಅವರದು ಇಲ್ಲಿಯದು, ಹೇಗೋ ನಡೆಯಿತು. ಕೇಬಲ್ ವಿಷಯ ಹೇಳಿದೆ. ಸೂಜಿ ನಿಲ್ಲಿಸದೆ ಕೇಳಿದರು: "ಅದರ ಮೇಲೆ ಬಲೆ ಎಳೆಯಬಹುದೋ?"

ಎಳೆಯಬಾರದು. ಕೇಬಲ್ ಕಡಿಯುವುದರಲ್ಲಿ ಟ್ರಾಲರ್ ಬಲೆ, ಲಂಗರುಗಳದೇ ಮೊದಲ ಸ್ಥಾನ. ದಂಡೆ ಹತ್ತಿರ ಹೂಳುತ್ತಾರೆ, ಇಕ್ಕೆಲದಲ್ಲಿ ಜಾಗ ಬಿಡಿಸುತ್ತಾರೆ ಎಂದೆ. "ಹಾಗಾದರೆ ಅದು ನಮ್ಮ ಗದ್ದೆಯಲ್ಲೇ ಹೋಗುತ್ತದೆ" ಎಂದರು. ಸಮುದ್ರಕ್ಕೆ ಗದ್ದೆ ಎನ್ನುವವರನ್ನು ನಾನು ಕೇಳಿದ್ದು ಇದೇ ಮೊದಲು. ಎದ್ದು ಬರುವಾಗ ನಾಚಿಕೆಯಾಯಿತು. ನಿನ್ನೆಯಿಂದ ನಾನೂ ಸಮುದ್ರವನ್ನು ಖಾಲಿ ಜಾಗ ಎಂದೇ ತಿಳಿದು ಲೆಕ್ಕ ಹಾಕುತ್ತಿದ್ದೆನಲ್ಲ.

ನೆಲವೂ ಖಾಲಿ ಜಾಗವಲ್ಲ. ಇಲ್ಲಿ ನೋಡಿ: ಧಾರವಾಡದ ನರೇಂದ್ರ ಸಬ್‌ಸ್ಟೇಷನ್ನಿನಿಂದ ಗೋವಾಕ್ಕೆ 400 ಕೆ.ವಿ. ಲೈನು ತರಬೇಕು. ಒಮಾನಿಗೆ ಹೋಲಿಸಿದರೆ ಕೂಗಳತೆಯ ದೂರ. ಅದಕ್ಕೆ ಅಡ್ಡ ಮೊಲ್ಲೆಂ ಕಾಡು. 2020ರಲ್ಲಿ ಇಲ್ಲಿಯ ಹುಡುಗ ಹುಡುಗಿಯರು ಲಾಕ್‌ಡೌನಿನಲ್ಲೇ ಚಳವಳಿ ಎಬ್ಬಿಸಿದರು. ಕಳೆದ ವರ್ಷ ಸುಪ್ರೀಂ ಕೋರ್ಟು, ಹೊಸದಾಗಿ ಕಾಡು ಸೀಳಬೇಡಿ, ಈಗಿರುವ 220 ಕೆ.ವಿ. ಲೈನಿನ ಜಾಡಿನಲ್ಲೇ ಹೋಗಿ ಎಂದಿತು. ಸರ್ವಿಸಿನಲ್ಲಿದ್ದಾಗ ಇಂಥವರನ್ನು ಕಂಡರೆ ನನಗೆ ಸಿಟ್ಟು. ಕರೆಂಟೂ ಬೇಕು, ಲೈನೂ ಬೇಡ ಎಂದರೆ ಹೇಗೆ ಎನ್ನುತ್ತಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ ಆ ಸಿಟ್ಟನ್ನು. ಆದರೆ ಹಳೇ ಜಾಡಿನಲ್ಲೇ ಹೋಗಬಹುದಿತ್ತು ಎಂಬುದು ಎಂಜಿನಿಯರುಗಳಿಗೆ ಮೊದಲೇ ಹೊಳೆಯಬೇಕಿತ್ತು.

22 ಜುಲೈ, ಶನಿವಾರ

ಪತ್ರಿಕೆಯಲ್ಲಿ ಶ್ರೀಲಂಕಾದ ರನಿಲ್ ವಿಕ್ರಮಸಿಂಘೆ. ನಿನ್ನೆ ದಿಲ್ಲಿಯಲ್ಲಿ ಮೋದಿಯವರ ಜತೆ ಒಪ್ಪಿದ ದಾಖಲೆಯಲ್ಲಿ ಎರಡೂ ದೇಶದ ವಿದ್ಯುತ್ ಜಾಲ ಜೋಡಿಸುವ ಮಾತಿದೆ. ದಶಕಕ್ಕೂ ಹಿಂದಿನ ಕಡತ, ಇನ್ನೂ ಕಡತವೇ. ಬಾಂಗ್ಲಾಕ್ಕೆ 2013ರಿಂದ ಕರೆಂಟು ಹೋಗುತ್ತಿದೆ, ಭೂತಾನಿನಿಂದ ಬರುತ್ತಿದೆ. ನೆಲದ ಮೇಲೆ ಸಲೀಸು.

ರಾತ್ರಿ ಟಿವಿಯಲ್ಲಿ: ಇಲ್ಲಿಯ ಜಿ-20 ಸಭೆ ಒಮ್ಮತವಿಲ್ಲದೆ ಮುಗಿದಿದೆ. ಕಲ್ಲಿದ್ದಲು, ತೈಲ ತಗ್ಗಿಸುವ ಮಾತಿನ ಮೇಲೆ ತಕರಾರು. ಬಂದ ಕಾರುಗಳೆಲ್ಲ ಹೋದವು.

23 ಜುಲೈ, ಭಾನುವಾರ

ಸ್ವಿಚ್‌ಯಾರ್ಡಿನ ಹಳೇ ಗೆಳೆಯರೊಬ್ಬರು ಫೋನಿನಲ್ಲಿ ಟಾಸ್ಮೇನಿಯಾದ ಕಥೆ ಎತ್ತಿದರು. ನಮ್ಮ ಹಾಗೇ ಅಣೆಕಟ್ಟುಗಳ ನಾಡು. ಆಸ್ಟ್ರೇಲಿಯಾದ ನೆಲಕ್ಕೆ 500 ಮೆಗಾವ್ಯಾಟಿನ ಕೇಬಲ್ ಇದೆ ಎಂಬ ಧೈರ್ಯ. 2015ರ ಡಿಸೆಂಬರ್‌ನಲ್ಲಿ ಕೇಬಲ್ ಕೆಟ್ಟಿತು. ಅದೇ ವರ್ಷ ಮಳೆಯೂ ಇಲ್ಲ. ಜಲಾಶಯಗಳು 13 ಪರ್ಸೆಂಟಿನ ಆಸುಪಾಸಿಗೆ ಇಳಿದು ಡೀಸೆಲ್ ಜನರೇಟರುಗಳನ್ನು ತರಿಸಬೇಕಾಯಿತು. ರಿಪೇರಿಗೆ ಆರು ತಿಂಗಳು. "ಸಮುದ್ರದೊಳಗೆ ಲೈನ್‌ಮನ್ನನ್ನ ಹತ್ತಿಸೋಕಾಗುತ್ತೇನ್ರೀ?" ಎಂದರು.

10 ಅಕ್ಟೋಬರ್, ಮಂಗಳವಾರ. ಮತ್ತೆ ವಾಸ್ಕೊ

ಎರಡು ದಿನದ ಹಿಂದೆ ರಿಯಾದ್‌ನಲ್ಲಿ ಇಂಧನ ಸಚಿವ ಆರ್.ಕೆ. ಸಿಂಗ್ ಸಹಿ ಹಾಕಿದ್ದಾರೆ: ಸೌದಿ ಮತ್ತು ಭಾರತದ ಜಾಲ ಜೋಡಣೆ, ಹಸಿರು ಹೈಡ್ರೋಜನ್. ಊರಲ್ಲಿ ಮಳೆ ಕೈಕೊಟ್ಟು, ರೈತರಿಗೆ ತ್ರೀ-ಫೇಸ್ ಏಳು ತಾಸು ಸಿಗುವುದೇ ಕಷ್ಟವಾಗಿದೆ. ಈ ಹೊತ್ತಿಗೆ ಮರುಭೂಮಿಯ ಬಿಸಿಲು ಬಂದರೆ ಬೇಡ ಎನ್ನಲಾರೆ.

ಬರುವಾಗ ರಾಮನಗರದಲ್ಲಿ ಚಹಾಕ್ಕೆ ಇಳಿದಿದ್ದೆ. ಅಣೆಕಟ್ಟಿನ ನೀರಿನಲ್ಲಿ ಸುಪಾ ಊರು ಮುಳುಗಿದಾಗ ಅಲ್ಲಿಯವರು ಬಂದು ಕೂತ ಊರು. ನಾವು ಕಾಳಿ ಕಣಿವೆಯಿಂದ ಕಳಿಸಿದ ಕರೆಂಟು ಜೋಯಿಡಾದ ಎಷ್ಟೋ ಕಾಡುಹಳ್ಳಿಗಳ ತಲೆಯ ಮೇಲಿಂದಲೇ ಹಾದುಹೋಯಿತು. ಲೈನು ಎಳೆಯುವಾಗ ನಕ್ಷೆಯಲ್ಲಿ ಆ ಹಳ್ಳಿಗಳು ಚುಕ್ಕಿಗಳು. ಶರಾವತಿಯ ಚುಕ್ಕಿಯೊಂದರಿಂದ ಬಂದವನು ನಾನು, ಆದರೂ ಆಗ ಅದು ಹೊಳೆಯಲಿಲ್ಲ.

ಮೊಮ್ಮಗಳಿಗೆ ಶಾಲೆಯಲ್ಲಿ ನಕ್ಷೆ ಬಿಡಿಸುವ ಕೆಲಸ ಕೊಟ್ಟಿದ್ದಾರೆ. ನಾನು ಪೆನ್ಸಿಲ್ ತೆಗೆದುಕೊಂಡು ಮಸ್ಕತ್‌ನಿಂದ ಗೆರೆ ಎಳೆಯುತ್ತಾ ಕೇಬಲ್ಲಿನ ಕಥೆ ಹೇಳಿದೆ. ಗೆರೆ ಸಮುದ್ರ ದಾಟಿತು. "ಇಲ್ಲಿ ಎಲ್ಲಿ ಹತ್ತುತ್ತೆ ಅಜ್ಜಾ?" ಗುಜರಾತಿನ ದಂಡೆ ಮುಟ್ಟಿಸಿದೆ. ಅಲ್ಲಿ ಯಾರಿದ್ದಾರೆ ಎಂದಳು. ಅಳಿಸಿ ರತ್ನಾಗಿರಿ ಕಡೆ ಎಳೆದೆ. ಅಲ್ಲಿ ಯಾರಿದ್ದಾರೆ ಎಂದಳು. ಕಾಗದ ಅಷ್ಟರಲ್ಲಿ ಸವೆದು ತೂತಾಗಿತ್ತು. ಹೊಸ ಹಾಳೆ ಕೊಡು ಅಂತ ಅಮ್ಮನ ಹತ್ತಿರ ಓಡಿದಳು.